ಮೈಲಿಗಲ್ಲು ನಿಗಮದ ಕಾರಿನ ಅಮಾನತು

ದಾವಣಗೆರೆಯಿಂದ ಹರಿಹರಕ್ಕೆ ಹದಿನಾಲ್ಕು ಕಿಲೋಮೀಟರು. ಆ ದಾರಿಯಲ್ಲಿ ಹದಿನಾಲ್ಕು ಕಲ್ಲುಗಳಿವೆ. ಆ ಕಲ್ಲುಗಳು ಇದ್ದಲ್ಲೇ ಇವೆಯೇ ಎಂದು ದಿನವೂ ನೋಡಿ ಬರಲು ತುಂಗಭದ್ರಾ ವಲಯ ಮೈಲಿಗಲ್ಲು ನಿರ್ವಹಣಾ ನಿಗಮವಿದೆ. ಕೆ.ಬಿ. ಬಡಾವಣೆಯ ಅದರ ಕಚೇರಿಯಲ್ಲಿ ಹತ್ತೊಂಬತ್ತು ಮಂದಿ ಕೆಲಸ ಮಾಡುತ್ತಾರೆ. ಕಲ್ಲಿಗಿಂತ ಐದು ಮಂದಿ ಹೆಚ್ಚಾದರಲ್ಲ ಎಂದು ಕೆಲವರು ಆಕ್ಷೇಪಿಸುವುದುಂಟು. ಆ ಐವರು ರಜೆ ಹಾಕಿದವರ ಕಲ್ಲುಗಳನ್ನು ನೋಡಿಕೊಳ್ಳುತ್ತಾರೆ ಎಂಬ ಉತ್ತರವನ್ನು ನಿಗಮ ಆಗಲೇ ಮುದ್ರಿಸಿ ಇಟ್ಟುಕೊಂಡಿದೆ.

ನಿಂಗರಾಜ್ ಈ ನಿಗಮದ ಡ್ರೈವರು. ಹನ್ನೊಂದು ವರ್ಷದಿಂದ ಗುತ್ತಿಗೆಯ ಮೇಲೆ ಇದ್ದಾನೆ. ದಾರಿಯ ಒಂದೊಂದು ಗುಂಡಿಯೂ ಅವನ ಬೆನ್ನುಮೂಳೆಗೆ ಪರಿಚಯ. ಪರಿಚಯ ಮಾಡಿಸಿದ್ದು ನಿಗಮದ ಹಳೇ ಜೀಪು. ಕಳೆದ ವರ್ಷ ಜೀಪು ಗುಜರಿ ಸೇರಿತು. ಅದೇ ಹೊತ್ತಿಗೆ ಬೆಂಗಳೂರಿನ ಕೇಂದ್ರ ಕಚೇರಿಯಿಂದ ಸುತ್ತೋಲೆ ಬಂತು. ನಿಗಮದ ಸ್ವಂತ ವಾಹನವನ್ನು ಜನವರಿ ಒಂದರಿಂದ ಮಾರ್ಚ್ ಮೂವತ್ತೊಂದರವರೆಗೆ, ಭಾನುವಾರವೂ ಸೇರಿ, ತೊಂಬತ್ತು ದಿನ ಬಿಡದೆ ಓಡಿಸಿದ ಗುತ್ತಿಗೆ ಚಾಲಕರನ್ನು ಖಾಯಂ ಮಾಡಲಾಗುವುದು. ಈ ಅವಕಾಶ ಮತ್ತೆ ಬರುವುದಿಲ್ಲ. ನಿಂಗರಾಜ್ ಸರಸ್ವತಿ ನಗರದ ಮನೆಯಲ್ಲಿ ಕ್ಯಾಲೆಂಡರು ಹಿಡಿದು ಎಣಿಸಿದ. ಹೆಂಡತಿ ರೇಖಾ ಇನ್ನೊಮ್ಮೆ ಎಣಿಸಿದಳು. ಸರಿಯಾಗಿ ತೊಂಬತ್ತು, ಒಂದು ದಿನವೂ ಹೆಚ್ಚಿಗೆ ಇರಲಿಲ್ಲ.

ಓಡಿಸಲು ವಾಹನ ಬೇಕಲ್ಲ. ಹರಿಹರದ ವ್ಯಾಪಾರಿಯೊಬ್ಬರು ಮೂರು ವರ್ಷ ಬಳಸಿದ ಬಿಳಿ ಎಲೆಕ್ಟ್ರಿಕ್ ಕಾರನ್ನು ನಿಗಮ ಕೊಂಡಿತು. ಬಳಸಿದ ವಾಹನ ಕೊಳ್ಳುವಾಗ ತುಂಬಬೇಕಾದ ನಮೂನೆಯಲ್ಲಿ ಒಂದು ಕಾಲಂ ಇತ್ತು: ‘ಕಂಪನಿಯವರು ಕೊಟ್ಟದ್ದಲ್ಲದೆ ಬೇರೆ ಏನನ್ನಾದರೂ ಅಳವಡಿಸಲಾಗಿದೆಯೇ?’ ಅದಕ್ಕೆ ಉತ್ತರ ತರಲು ನಿಂಗರಾಜ್ ಡಿಸೆಂಬರ್ ಕೊನೆಯ ದಿನ ಹರಿಹರದ ಬಡೇಸಾಬರ ಗ್ಯಾರೇಜಿಗೆ ಹೋದ.

ಬಡೇಸಾಬರು ನಲವತ್ತು ವರ್ಷ ಲಾರಿಗಳ ಕೆಳಗೇ ಕಳೆದವರು. ಟಾರ್ಚು ಹಿಡಿದು ಕಾರಿನ ಕೆಳಗೆ ತೂರಿದರು.

“ನಿಂಗಣ್ಣ, ಇಲ್ಲಿ ಬಗ್ಗು,” ಎಂದು ಒಳಗಿನಿಂದಲೇ ಕರೆದರು. “ಕಂಪ್ನಿ ಸ್ಪ್ರಿಂಗು ಕರ್ರಗಿರ್ತವೆ. ಇವು ನೋಡು, ಅರಿಶಿಣ ಬಳದಂಗೆ ಅದಾವೆ. ಇಲ್ಲಿ ಶಾಕ್ ಅಬ್ಸಾರ್ಬರ್ ತುದೀಲಿ ಒಂದು ತಿರುಪು ಐತೆ. ಕಂಪ್ನೀದಕ್ಕೆ ಇದು ಇರಂಗಿಲ್ಲ. ತಿರುಗಿಸ್ತೀನಿ, ಕೇಳು.”

ಕಟಕ್ ಕಟಕ್ ಎಂದಿತು. ಬಡೇಸಾಬರು ಜೋರಾಗಿ ಎಣಿಸಿದರು. ಇಪ್ಪತ್ನಾಲ್ಕು.

“ಈ ಕಡೆ ತಿರುವಿದ್ರೆ ಬಿಗಿ, ಆ ಕಡೆ ತಿರುವಿದ್ರೆ ಮೆತ್ತಗೆ. ಗಾಡೀನೂ ಎಲ್ಡು ಬೆರಳು ತಗ್ಗಿ ಕುಂತೈತೆ. ಯಾರೋ ಶೋಕಿ ಮನುಷ್ಯ ಬಾಳ ಪ್ರೀತಿಯಿಂದ ಹಾಕ್ಸ್ಯಾನೆ. ಅಸಲಿ ಮಾಲು.”

“ತೊಂದ್ರೆ ಏನಿಲ್ಲಲ್ಲ ಬಡೇಸಾಬ್ರೆ?”

“ತೊಂದ್ರೆನಾ? ನಿನ್ನ ಬೆನ್ನು ನಂಗೆ ದುವಾ ಮಾಡ್ತತೆ, ಹೋಗು.”

ಎದ್ದು ಕೈ ಒರೆಸಿಕೊಂಡು, ಸರ್ಕಾರಿ ಕಚೇರಿಯ ಮೇಲಿನ ಗೌರವದಿಂದ ಇಂಗ್ಲಿಷಿನಲ್ಲೇ ಒಂದು ಸಾಲು ಬರೆದುಕೊಟ್ಟರು: ಈ ಕಾರಿಗೆ ಪರ್ಫಾರ್ಮೆನ್ಸ್ ಸಸ್ಪೆನ್ಷನ್ ಅಪ್‌ಗ್ರೇಡ್ ಆಗಿದೆ.

ಜನವರಿ ಒಂದರಂದು ಕಾರು ಕರ್ತವ್ಯಕ್ಕೆ ಹಾಜರಾಯಿತು. ಒಂಬತ್ತನೇ ಕಲ್ಲಿನ ಹತ್ತಿರದ ದೊಡ್ಡ ಗುಂಡಿ ಬಂದುಹೋದದ್ದೇ ನಿಂಗರಾಜನಿಗೆ ತಿಳಿಯಲಿಲ್ಲ. ಮುಚ್ಚಿಸಿಬಿಟ್ಟರೋ ಏನೋ ಎಂದು ಇಳಿದು ನೋಡಿದ. ಗುಂಡಿ ಹಾಗೇ ಇತ್ತು. ಹನ್ನೊಂದು ವರ್ಷದಲ್ಲಿ ಅವನು ಅಷ್ಟು ಖುಷಿಪಟ್ಟದ್ದಿಲ್ಲ. ಆ ಖುಷಿಯಲ್ಲಿ ಮುಂದಿನ ಎರಡು ಕಲ್ಲುಗಳನ್ನು ನೋಡುವುದನ್ನೇ ಮರೆತು ಬಂದ.

ಇಂಗ್ಲಿಷ್ ಕಾಗದವನ್ನು ಕನ್ನಡಕ್ಕೆ ತಂದ ಮೇಲೆಯೇ ಕಡತಕ್ಕೆ ಸೇರಿಸಬೇಕೆಂದು ನಿಗಮದ ನಿಯಮ. ಆ ಕೆಲಸ ಶಾಂತಲಾ ಮೇಡಮ್ಮಿನದು. ಅವರಿಗೆ ಇಂಗ್ಲಿಷೂ ಗೊತ್ತು, ಕನ್ನಡವೂ ಗೊತ್ತು. ಆದರೆ ಗೊತ್ತಿರುವುದನ್ನು ಬಳಸುವಂತಿಲ್ಲ, ನಿಗಮದ ಪದಕೋಶವನ್ನೇ ಬಳಸಬೇಕು. ಪದಕೋಶದ ಪ್ರಕಾರ ಪರ್ಫಾರ್ಮೆನ್ಸ್ ಎಂದರೆ ಕಾರ್ಯನಿರ್ವಹಣೆ, ಸಸ್ಪೆನ್ಷನ್ ಎಂದರೆ ಅಮಾನತು, ಅಪ್‌ಗ್ರೇಡ್ ಎಂದರೆ ಮೇಲ್ದರ್ಜೆಗೇರುವುದು. ಜನವರಿ ಎರಡರ ಮಧ್ಯಾಹ್ನದೊಳಗೆ ಕಡತದಲ್ಲಿ ಹೀಗೆ ದಾಖಲಾಯಿತು: ‘ಸದರಿ ಕಾರು ತನ್ನ ಕಾರ್ಯನಿರ್ವಹಣೆಯ ಕಾರಣ ಅಮಾನತುಗೊಂಡು ಮೇಲ್ದರ್ಜೆಗೇರಿರುತ್ತದೆ.’

ನಿಗಮದ ವ್ಯವಸ್ಥಾಪಕ ನಿರ್ದೇಶಕರ ಕುರ್ಚಿ ಎರಡು ವರ್ಷದಿಂದ ಖಾಲಿ. ಅಷ್ಟೂ ದಿನ ಕಚೇರಿ ನಡೆಸುತ್ತಿದ್ದವರು ಅಧೀಕ್ಷಕ ಕಲ್ಲೇಶಪ್ಪನವರು. ಅವರು ಆ ಸಾಲನ್ನು ಎರಡು ಸಲ ಓದಿದರು.

“ಅಮಾನತಾಗಿ ಮ್ಯಾಲೆ ಹೋದೋರು ನಮ್ಮಾಗೆ ಬಾಳ ಮಂದಿ ಅದಾರೆ. ಅದ್ರಾಗೇನು ವಿಶೇಷ ಇಲ್ಲ,” ಎಂದರು. “ಆದ್ರೆ ವಿಚಾರಣೆ ಮುಗಿಯೋತನಕ ಕೆಲ್ಸಕ್ಕೆ ಹಚ್ಚಂಗಿಲ್ಲ.”

ನಿಂಗರಾಜ್ ಮೇಜಿನ ಹತ್ತಿರಕ್ಕೆ ಬಂದ. “ಸಾರ್, ಸಸ್ಪೆನ್ಷನ್ ಅಂದ್ರೆ ಸ್ಪ್ರಿಂಗು. ಗಾಡಿ ಕೆಳಗಿರ್ತತೆ. ಬರ್ರಿ, ತೋರಿಸ್ತೀನಿ.”

“ಫೈಲಿನಾಗೆ ಸ್ಪ್ರಿಂಗ್ ಅಂತ ಎಲ್ಲೈತಪ್ಪ?”

“ಫೈಲಿನಾಗಿಲ್ಲ ಸಾರ್, ಗಾಡ್ಯಾಗೈತೆ.”

“ನಾನು ಫೈಲ್ ನೋಡಿ ಸಹಿ ಮಾಡೋನು. ಗಾಡಿ ಕೆಳಗೆ ಮಲಗಿ ಸಹಿ ಮಾಡಕ್ಕಾಗ್ತತೇನು?”

ಶಾಂತಲಾ ಮೇಡಂ ಪದಕೋಶದಿಂದ ತಲೆ ಎತ್ತಿದರು. “ಸ್ಪ್ರಿಂಗ್ ಅಂದ್ರೆ ಇದ್ರಾಗೆ ವಸಂತ ಕಾಲ ಅಂತೈತೆ ನಿಂಗರಾಜ್. ಗಾಡಿ ಕೆಳಗೆ ವಸಂತ ಕಾಲ ಐತೆ ಅಂತ ಬರದ್ರೆ ಇನ್ನೊಂದು ವಿಚಾರಣೆ ಆಗ್ತತೆ. ಬ್ಯಾಡ ಬಿಡ್ರಿ.”

ಸಂಜೆಗೆ ಆದೇಶ ಹೊರಟಿತು. ‘ಸದರಿ ಕಾರು ಅನುಮತಿಯಿಲ್ಲದೆ ಕೇಂದ್ರಸ್ಥಾನ ಬಿಟ್ಟು ತೆರಳತಕ್ಕದ್ದಲ್ಲ. ಜೀವನಾಧಾರ ಭತ್ಯೆಯಾಗಿ ಅದಕ್ಕೆ ಅರ್ಧ ಚಾರ್ಜು ಮಾತ್ರ ನೀಡತಕ್ಕದ್ದು. ತಾನು ಬೇರೆಲ್ಲೂ ಉದ್ಯೋಗದಲ್ಲಿ ತೊಡಗಿಲ್ಲವೆಂದು ಪ್ರತಿ ತಿಂಗಳೂ ಸಹಿ ಮಾಡಿದ ಪ್ರಮಾಣಪತ್ರ ಸಲ್ಲಿಸತಕ್ಕದ್ದು.’

ಹೀಗೆ ಕಾರು ಕಚೇರಿಯ ಪೋರ್ಟಿಕೋದಲ್ಲಿ ನಿಂತಿತು. ಐವತ್ತು ಪರ್ಸೆಂಟಿಗೆ ಬಂದೊಡನೆ ನಿಂಗರಾಜ್ ಪ್ಲಗ್ ಕೀಳುತ್ತಿದ್ದ. ಉಳಿದ ಅರ್ಧ ಪೋಲಾಗಬಾರದೆಂದು ಕಲ್ಲೇಶಪ್ಪನವರು ಎರಡು ಎಲೆಕ್ಟ್ರಿಕ್ ಸ್ಕೂಟರುಗಳನ್ನು ಅದೇ ಪ್ಲಗ್ಗಿಗೆ ಹಾಕತೊಡಗಿದರು. ಒಂದು ಅವರದು. ಇನ್ನೊಂದು ಅವರ ಭಾವಮೈದುನನದು. ಅವನು ನಿಗಮದ ನೌಕರನಲ್ಲ, ಆದರೆ ಹಾಗೆಂದು ಸ್ಕೂಟರಿನ ಮೇಲೆ ಎಲ್ಲೂ ಬರೆದಿರಲಿಲ್ಲ.

ತಿಂಗಳ ಕೊನೆಗೆ ಪ್ರಮಾಣಪತ್ರದ ಪ್ರಶ್ನೆ ಎದ್ದಿತು. ಕಾರಿಗೆ ಸಹಿ ಬಾರದು. ಓದುಬರಹ ಬಾರದವರು ಎಡಗೈ ಹೆಬ್ಬೆಟ್ಟು ಒತ್ತಬಹುದೆಂಬ ನಿಯಮವನ್ನು ಶಾಂತಲಾ ಮೇಡಂ ಹುಡುಕಿಕೊಟ್ಟರು. ಮುಂದಿನ ಎಡಗಡೆಯ ಟಯರಿಗೆ ಸ್ಟ್ಯಾಂಪ್ ಪ್ಯಾಡಿನ ಮಸಿ ಬಳಿದು, ಕಾಗದ ನೆಲಕ್ಕಿಟ್ಟು, ನಾಲ್ಕು ಜನ ಸೇರಿ ಕಾರನ್ನು ಒಂದು ಗೇಣು ತಳ್ಳಿದರು. ಗುರುತು ಅಚ್ಚುಕಟ್ಟಾಗಿ ಮೂಡಿತು. ಕಚೇರಿಯ ಎಷ್ಟೋ ಜನರ ಸಹಿಗಿಂತ ಅದನ್ನು ಓದುವುದು ಸುಲಭವಾಗಿತ್ತು.

ಕಲ್ಲು ನೋಡಲು ಯಾರೂ ಹೋಗಲಿಲ್ಲ. ಕಲ್ಲುಗಳು ಕದಲಿದ ಬಗ್ಗೆ ದೂರೇನೂ ಬಾರದ ಕಾರಣ ನಿಗಮ ಇದನ್ನು ತನ್ನ ತ್ರೈಮಾಸಿಕ ಸಾಧನೆಯ ಪಟ್ಟಿಗೆ ಸೇರಿಸಿತು. ನಿಂಗರಾಜನಿಗೆ ಮಾತ್ರ ಊಟ ಸೇರುತ್ತಿರಲಿಲ್ಲ. ಬೆಳಿಗ್ಗೆ ಬಂದು ಕಾರು ಒರೆಸುವುದು, ಸಂಜೆ ಮನೆಗೆ ಹೋಗಿ ಕ್ಯಾಲೆಂಡರಿಗೆ ಬೆನ್ನು ಮಾಡಿ ಕೂರುವುದು.

“ಇವತ್ತಾದ್ರೂ ಓಡಿಸಿದ್ರೇನ್ರಿ?” ಎಂದು ರೇಖಾ ಕೇಳುವಳು.

“ಒರೆಸಿದೆ,” ಎನ್ನುವನು.

ವಿಚಾರಣಾಧಿಕಾರಿಯಾಗಿ ನಿವೃತ್ತ ಅಧಿಕಾರಿ ಬಸವಪ್ರಭು ನೇಮಕವಾದರು. ಆರೋಪಪಟ್ಟಿಯನ್ನು ಕಾರಿನ ವೈಪರಿಗೆ ಸಿಕ್ಕಿಸಿ, ಏಳು ದಿನದಲ್ಲಿ ಉತ್ತರಿಸಬೇಕೆಂದರು. ಕಾರು ಉತ್ತರಿಸಲಿಲ್ಲ. ಮೇಲಿಂದ ಮೇಲೆ ಬೈಠಕ್ಕುಗಳು ನಡೆದವು. ಪ್ರತಿ ಬೈಠಕ್ಕಿಗೂ ಮಂಡಕ್ಕಿ, ಮಿರ್ಚಿ ತರಿಸಬೇಕಾಗುತ್ತಿತ್ತು. ಮಿರ್ಚಿ ಬಿಸಿಯಿರುವಾಗ ವಿಚಾರಣೆ ನಡೆಸುವುದು ಸರಿಯಲ್ಲ, ಆರಿದ ಮೇಲೆ ಮನಸ್ಸಿರುತ್ತಿರಲಿಲ್ಲ. ಮುಂದಕ್ಕೆ ಹಾಕುತ್ತ ಹಾಕುತ್ತ ಮಾರ್ಚ್ ಇಪ್ಪತ್ತು ದಾಟಿತು.

ಆಗ ನಿಂಗರಾಜನಿಗೆ ಬುದ್ಧಿ ಬಂತು. ಸ್ಪ್ರಿಂಗಿನ ಮಾತು ಬಿಟ್ಟುಬಿಟ್ಟ. ನಿಯಮಗಳ ಪುಸ್ತಕವನ್ನು ಶಾಂತಲಾ ಮೇಡಮ್ಮಿನಿಂದ ಈಸಿಕೊಂಡು ಎರಡು ದಿನ ಕಾರಿನೊಳಗೇ ಕೂತು ಓದಿದ. ಅಮಾನತಾದ ನೌಕರ ತನ್ನ ಪರ ವಾದಿಸಲು ಒಬ್ಬ ಸಹೋದ್ಯೋಗಿಯನ್ನು ಇಟ್ಟುಕೊಳ್ಳಬಹುದು. ಆ ಸಹೋದ್ಯೋಗಿ ತಾನೇ ಎಂದು ಕಾರಿನ ಟಯರ್ ಗುರುತು ಒತ್ತಿಸಿ ಅರ್ಜಿ ಕೊಟ್ಟ. ಸಾಕ್ಷಿಯಾಗಿ ಬಡೇಸಾಬರನ್ನು ಹರಿಹರದಿಂದ ಕರೆಸಿದ.

“ಇದರ ಕಾರ್ಯನಿರ್ವಹಣೆ ಹೆಂಗೈತೆ ಅಂತ ತೋರಿಸ್ರಿ,” ಎಂದರು ಬಸವಪ್ರಭು.

ಬಡೇಸಾಬರು ಕಾರಿನ ಮೂಲೆಗೆ ಎರಡೂ ಕೈ ಊರಿ ಮೈಭಾರ ಬಿಟ್ಟು ಒತ್ತಿದರು. ಕಾರು ತಗ್ಗಿತು. ಕೈ ತೆಗೆದರು. ಕಾರು ಒಮ್ಮೆ ಎದ್ದು ಸುಮ್ಮನೆ ನಿಂತಿತು.

“ಹಳೇ ಮಾಲಾಗಿದ್ರೆ ನಾಕ್ ಸಲ ಕುಣೀತಿತ್ತು ಸಾಹೇಬ್ರೆ. ಇದು ನೋಡ್ರಿ, ಒಂದೇ ಸಲ.”

“ಒತ್ತಿದ್ರೆ ಬಗ್ತತೆ, ಬಿಟ್ರೆ ಗಲಾಟೆ ಮಾಡಲ್ಲ,” ಎಂದು ನಿಂಗರಾಜ್ ಮೆಲ್ಲಗೆ ಸೇರಿಸಿದ. “ಇಪ್ಪತ್ನಾಕು ತಿರುವು ಐತೆ ಸಾರ್. ಮ್ಯಾಲಿನೋರು ಬಿಗಿ ಅಂದ್ರೆ ಬಿಗಿ, ಸಡ್ಲ ಅಂದ್ರೆ ಸಡ್ಲ.”

ಬಸವಪ್ರಭುಗಳ ಕೈಯ ಮಿರ್ಚಿ ಅರ್ಧದಲ್ಲೇ ನಿಂತಿತು. ಮೂವತ್ತೆಂಟು ವರ್ಷದ ಸೇವೆಯಲ್ಲಿ ಅವರು ಇಂಥ ನೌಕರನನ್ನು ಕಂಡಿರಲಿಲ್ಲ. ಅಲ್ಲೇ ವರದಿ ಬರೆಸಿದರು: ‘ಒತ್ತಡ ಬಂದಾಗ ತಗ್ಗಿ, ಒತ್ತಡ ಹೋದಾಗ ಒಮ್ಮೆ ಮಾತ್ರ ತಲೆಯೆತ್ತಿ, ಸ್ವಸ್ಥಾನದಲ್ಲಿ ಮೌನವಾಗಿ ನಿಲ್ಲುವುದು ಆದರ್ಶ ನೌಕರನ ಲಕ್ಷಣವಾಗಿರುತ್ತದೆ. ಆರೋಪಿಯನ್ನು ದೋಷಮುಕ್ತಗೊಳಿಸಿ, ಅಮಾನತಿನ ಅವಧಿಯನ್ನು ಕರ್ತವ್ಯದ ಅವಧಿಯೆಂದೇ ಪರಿಗಣಿಸತಕ್ಕದ್ದು. ಮೇಲ್ದರ್ಜೆ ಈಗಾಗಲೇ ಕಡತದಲ್ಲಿರುವುದರಿಂದ ಅದನ್ನು ಹಾಗೇ ಮುಂದುವರಿಸತಕ್ಕದ್ದು.’

ಮಾರ್ಚ್ ಮೂವತ್ತೊಂದರ ಬೆಳಿಗ್ಗೆ ಕೇಂದ್ರ ಕಚೇರಿಯ ಒಪ್ಪಿಗೆಯೂ, ಜೊತೆಗೆ ಇಂಗ್ಲಿಷಿನಲ್ಲಿ ಕಾರಿನ ಬಡ್ತಿ ಆದೇಶವೂ ಬಂದವು. ನಿಂಗರಾಜ್ ನೇರವಾಗಿ ಕಲ್ಲೇಶಪ್ಪನವರ ಮುಂದೆ ನಿಂತ.

“ಸಾರ್, ಗಾಡಿ ತೊಂಬತ್ತು ದಿನ ಕರ್ತವ್ಯದಾಗಿತ್ತು ಅಂತಾತು. ಹಂಗಾರೆ ಓಡಿಸಿದೋರು ಯಾರು?”

ಕಲ್ಲೇಶಪ್ಪನವರು ಯೋಚಿಸಿದರು. ಡ್ರೈವರಿಲ್ಲದೆ ಓಡಿತೆಂದು ಬರೆದರೆ ಆಡಿಟ್‌ನವರು ಬಿಡುವುದಿಲ್ಲ. “ನೀನೇ ಕಣಪ್ಪ. ಇನ್ಯಾರು?” ಎಂದರು. “ಆದ್ರೆ ಖಾಯಂ ಆದೇಶಕ್ಕೆ ‘ಎ’ ವೃಂದದ ಅಧಿಕಾರಿ ಸಹಿ ಬೇಕು. ಇವತ್ತೇ ಬೇಕು. ನಾನು ‘ಬಿ’ ವೃಂದ. ಎಂ.ಡಿ. ಕುರ್ಚಿ ಖಾಲಿ.”

ಇಷ್ಟು ದೂರ ಬಂದು ಒಂದು ಸಹಿಗೆ ನಿಲ್ಲಬೇಕೆ ಎಂದು ನಿಂಗರಾಜ್ ಆ ಖಾಲಿ ಕುರ್ಚಿಯ ಕಡೆ ನೋಡಿದ.

ಬಡ್ತಿ ಆದೇಶವನ್ನು ಕನ್ನಡಕ್ಕೆ ತರುತ್ತಿದ್ದ ಶಾಂತಲಾ ಮೇಡಂ ಕಾಗದ ಎತ್ತಿ ತೋರಿಸಿದರು. “ಸಾರ್, ಕಾರಿಗೆ ‘ಎ’ ವೃಂದ ಕೊಟ್ಟಾರೆ. ಈ ಕಚೇರ್ಯಾಗೆ ಈಗ ಹಿರಿಯರು ಅವರೇ.”

ನಿಯಮ ಸ್ಪಷ್ಟವಾಗಿತ್ತು. ಮಧ್ಯಾಹ್ನ ಮೂರಕ್ಕೆ ಕಾರು ಪ್ರಭಾರ ವ್ಯವಸ್ಥಾಪಕ ನಿರ್ದೇಶಕರಾಗಿ ಅಧಿಕಾರ ವಹಿಸಿಕೊಂಡಿತು. ಬಾನೆಟ್ಟಿಗೆ ಹಾರ ಹಾಕಿದರು. ಕಲ್ಲೇಶಪ್ಪನವರಿಗೆ ಸ್ವಲ್ಪ ಬೇಸರವಾದದ್ದು ನಿಜ. ಆದರೆ ಹೊಸ ಸಾಹೇಬರು ಸ್ಕೂಟರುಗಳ ಬಗ್ಗೆ ಏನೂ ಕೇಳದಿದ್ದುದರಿಂದ ಸಮಾಧಾನವಾಯಿತು.

ಆದೇಶದ ಪ್ರತಿಯನ್ನು ಪೋರ್ಟಿಕೋದ ನೆಲದ ಮೇಲಿಟ್ಟರು. ನಿಂಗರಾಜ್ ಟಯರಿಗೆ ಮಸಿ ಬಳಿದು, ಚಪ್ಪಲಿ ಹೊರಗೆ ಬಿಟ್ಟು, “ಅಪ್ಪಣೆ ಸಾಹೇಬ್ರೆ,” ಎಂದು ಒಳಗೆ ಕೂತ. ಸದ್ದಿಲ್ಲದೆ ಗಾಲಿ ಒಂದು ಗೇಣು ಉರುಳಿತು. ಇಳಿದು ಕಾಗದ ಎತ್ತಿಕೊಂಡ. ಗುರುತು ಸ್ಪಷ್ಟವಾಗಿತ್ತು. ಕಾಗದ ಒಂದಿಷ್ಟೂ ಮುದುಡಿರಲಿಲ್ಲ.

ಈಗ ಅರ್ಜಿದಾರರು ಬೆಳಿಗ್ಗೆಯಿಂದಲೇ ಪೋರ್ಟಿಕೋದಲ್ಲಿ ಸಾಲು ನಿಲ್ಲುತ್ತಾರೆ. ತಂದ ಕಾಗದ ಅಂದೇ ಗಾಲಿಯ ಕೆಳಗೆ ಹೋಗಿ ಬರುತ್ತದೆ. ಮಧ್ಯಾಹ್ನ ಸಾಹೇಬರು ನಿಂಗರಾಜನ ಜೊತೆ ಹರಿಹರದವರೆಗೆ ಕಲ್ಲುಗಳ ತಪಾಸಣೆಗೆ ಹೋಗುತ್ತಾರೆ.

ಖಾಯಂ ಆದ ದಿನ ನಿಂಗರಾಜ್ ಆದೇಶವನ್ನು ದೇವರ ಮುಂದಿಟ್ಟ. ರೇಖಾ ಕನ್ನಡಕ ಹಾಕಿಕೊಂಡು ಟಯರ್ ಗುರುತನ್ನು ಬೆರಳಿನಿಂದ ಸವರಿದಳು.

“ಹೊಸ ಸಾಹೇಬ್ರು ಸಹಿ ಮಾಡಾಕೆ ಏನಾದ್ರೂ ಕೇಳಿದ್ರೇನ್ರಿ?”

“ಏನೂ ಇಲ್ಲ. ಸಂಜೆ ಪ್ಲಗ್ ಹಾಕಿದ್ರೆ ಸಾಕು.”

“ಕೈ ಚಾಚಲಿಲ್ಲ?”

“ಕೈಯೇ ಇಲ್ಲ ಕಣೆ.”

ರೇಖಾ ಕನ್ನಡಕ ತೆಗೆದು ದೇವರಿಗೆ ಕೈ ಮುಗಿದಳು. “ಹಂಗಾರೆ ಅವರನ್ನ ಎಲ್ಲಿಗೂ ವರ್ಗ ಮಾಡದಂಗೆ ನೋಡ್ಕಳ್ರಿ,” ಎಂದಳು.