ಮಿಕ್ಸಿಗೆ ಮಂಗಳವಾರ ರಜೆ

ಭದ್ರಾವತಿಯಲ್ಲಿರುವ ನನ್ನ ಸೋದರಮಾವನ ಮನೆಯಲ್ಲಿ ಮಿಕ್ಸಿಗೆ ಸಿಗುವಷ್ಟು ರಜೆ ನನಗೆ ಸಿಗುವುದಿಲ್ಲ. ಶಿವಮೊಗ್ಗದ ಸವಳಂಗ ರಸ್ತೆಯ ಟೈಲ್ಸ್ ಅಂಗಡಿಯಲ್ಲಿ ಬಿಲ್ ಬರೆಯುವವಳು ನಾನು. ಮಾವನ ಮನೆಯಲ್ಲಿ ಮಿಕ್ಸಿಗೆ ಮಂಗಳವಾರ ರಜೆ, ಟಿವಿಗೆ ಗುರುವಾರ, ನಡುಮನೆಯ ಫ್ಯಾನಿಗೆ ಭಾನುವಾರ. ರಜೆಯಲ್ಲಿರುವ ವಸ್ತುವಿನ ಕೊರಳಿಗೆ ಮಾವ ಒಂದು ತಗಡಿನ ಬೋರ್ಡು ನೇತುಹಾಕುತ್ತಾರೆ. ಅದರ ಮೇಲೆ ಕೆಂಪು ಬಣ್ಣದಲ್ಲಿ 'ರಜೆ' ಎಂದಿದೆ. ಫ್ಯಾನಿಗೆ ಕೊರಳೆಲ್ಲಿದೆ ಎಂದು ಕೇಳಬೇಡಿ, ಸ್ವಿಚ್ಚಿಗೆ ನೇತುಹಾಕುತ್ತಾರೆ. ಮನೆಗೆಲ್ಲ ಇರುವುದು ಒಂದೇ ಬೋರ್ಡು. ಹಾಗಾಗಿ ಎರಡು ವಸ್ತುಗಳು ಒಂದೇ ದಿನ ರಜೆ ಹಾಕುವಂತಿಲ್ಲ!

ಮಾವ ಕಾರ್ಖಾನೆಯ ದುರಸ್ತಿ ವಿಭಾಗದಲ್ಲಿದ್ದು ನಿವೃತ್ತರಾದವರು. ಸರದಿಯಂತೆ ಒಂದೊಂದೇ ಯಂತ್ರವನ್ನು ನಿಲ್ಲಿಸಿ, ಬಿಚ್ಚಿ, ಎಣ್ಣೆ ಹಾಕಿ, ಯಾರೂ ಗೊತ್ತಿಲ್ಲದೆ ಚಾಲೂ ಮಾಡದಂತೆ ಬೋರ್ಡು ಕಟ್ಟುವುದು ಅವರ ಕೆಲಸವಾಗಿತ್ತು. ಕಾರ್ಖಾನೆ ಅವರನ್ನು ಬಿಟ್ಟಿತು, ಅವರು ಬೋರ್ಡನ್ನು ಬಿಡಲಿಲ್ಲ.

ಒಮ್ಮೆ ಬಿರುಬೇಸಿಗೆಯ ಭಾನುವಾರ ಅತ್ತೆಯ ಕಡೆಯ ನೆಂಟರು ಬಂದರು. ಅವರಲ್ಲೊಬ್ಬ ಹಿರಿಯರು ಕ್ಯಾಲೆಂಡರನ್ನೇ ಗೋಡೆಯಿಂದ ಕಿತ್ತು ಬೀಸಿಕೊಳ್ಳುತ್ತಾ, "ಫ್ಯಾನಿಗೆ ಏನಾಗಿದೆ ಸ್ವಾಮಿ?" ಎಂದರು.

"ಏನೂ ಆಗಿಲ್ಲ. ಏನೂ ಆಗ್ಬಾರ್ದು ಅಂತ್ಲೇ ರಜೆ" ಎಂದರು ಮಾವ.

ಅಡುಗೆಮನೆಯಿಂದ ಅತ್ತೆಯ ದನಿ ಬಂತು: "ಮದುವೆ ಆದಾಗಿಂದ ನನ್ ಕೊರಳಿಗೆ ಒಂದು ದಿನ ಆದ್ರೂ ಹಾಕಿದಾರಾ ಕೇಳಿ."

ಆ ವಾರದಿಂದ ಶುಕ್ರವಾರ ರಾತ್ರಿಯ ಅಡುಗೆ ಮಾವನದ್ದಾಯಿತು. ಅವರ ಉಪ್ಪಿಟ್ಟು ತಿಂದ ಮೇಲೆ, ರಜೆ ಬೇಡ ಎಂದು ಅತ್ತೆಯೇ ಬರೆದುಕೊಟ್ಟರಂತೆ.

ನಾನು ಇದಕ್ಕೆ ತದ್ವಿರುದ್ಧ, ರಜೆಯೊಂದನ್ನು ಬಿಟ್ಟು ಎಲ್ಲಕ್ಕೂ ತಾರೀಖು ಹಾಕುವವಳು. ನನ್ನ ಡೈರಿಯಲ್ಲಿ ಗ್ಯಾಸ್ ಸಿಲಿಂಡರ್ ಬದಲಿಸಿದ ತಾರೀಖಿದೆ, ತಲೆಗೆ ಎಣ್ಣೆ ಹಚ್ಚಿದ ತಾರೀಖಿದೆ. ಕಳೆದ ಆಷಾಢದಲ್ಲಿ ಅಮ್ಮ ಹೋದರು. ಆಮೇಲೆ ಅತ್ತ ದಿನಕ್ಕೊಂದು ಗೀಟು ಹಾಕತೊಡಗಿದೆ. ಗೀಟುಗಳು ತಿಂಗಳಿಂದ ತಿಂಗಳಿಗೆ ಕಡಿಮೆಯಾಗಿ, ಯುಗಾದಿಯ ಹೊತ್ತಿಗೆ ಪೂರ್ತಿ ನಿಲ್ಲಬೇಕೆಂದು ಗುರಿ ಇಟ್ಟುಕೊಂಡೆ. ಕಡಿಮೆಯೇ ಆಗಲಿಲ್ಲ. ಒಂದು ದಿನ ಯಾರದೋ ಬಚ್ಚಲಮನೆಯ ಟೈಲ್ಸಿನ ಬಿಲ್ಲಿನಲ್ಲಿ, ಗಿರಾಕಿಯ ಹೆಸರಿನ ಜಾಗದಲ್ಲಿ ಅಮ್ಮನ ಹೆಸರು ಬರೆದುಬಿಟ್ಟೆ. ಅಂಗಡಿಯ ಯಜಮಾನರು ಬಿಲ್ ಹರಿದು, "ಒಂದ್ ವಾರ ಮನೇಲಿರಮ್ಮ" ಎಂದರು. ನಾನು ಒಪ್ಪಲಿಲ್ಲ. ವಿದ್ಯಾನಗರದ ಮನೆಯಲ್ಲಿ ಒಬ್ಬಳೇ ಕೂತು ಏನು ಮಾಡಲಿ?

ಆ ಭಾನುವಾರ ಭದ್ರಾವತಿಗೆ ಹೋದಾಗ ಮಾವ ನನ್ನ ಡೈರಿ ತಿರುವಿ ನೋಡಿದರು.

"ಇದೇನೇ, ಯುಗಾದಿಗೆ ದುಃಖ ಮುಕ್ತಾಯ ಅಂತ ಬರ್ದಿದೀಯಾ? ಆಡಿಟ್‌ಗೆ ಯಾರಾದ್ರೂ ಬರ್ತಾರಾ?"

"ತಮಾಷೆ ಮಾಡ್ಬೇಡಿ ಮಾವ. ನಿಂತ್ರೆ ಮತ್ತೆ ಏಳಲ್ಲ ಅಂತ ಭಯ."

ಮಾವ ನಗಲಿಲ್ಲ. "ಬಿಚ್ಚಿಟ್ಟ ಯಂತ್ರ ನೋಡಿದ್ರೆ ಎಲ್ರಿಗೂ ಹಂಗೇ ಅನ್ಸೋದು ಮಾರಾಯ್ತಿ. ನೆಲದ ತುಂಬಾ ಬರೀ ನಟ್ಟು ಬೋಲ್ಟು. ಇದು ಇನ್ನು ಓಡುತ್ತಾ ಅಂತ ಹೊಸಬರು ಕೇಳೋರು. ಬಿಚ್ಚದೆ ಓಡಿಸಿದ್ದು ಮಾತ್ರ ಮುರಿಯೋದು."

ಎದ್ದು ಹೋಗಿ ಫ್ಯಾನಿನ ಬೋರ್ಡು ತೆಗೆದು ನನ್ನ ಡೈರಿಯ ಮೇಲಿಟ್ಟರು. ಫ್ಯಾನು ತಿರುಗಿತು. ಭಾನುವಾರ ಆ ಮನೆಯಲ್ಲಿ ಗಾಳಿ ಬೀಸಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಪುಷ್ಯ ಮಾಸದಲ್ಲಿ ಮತ್ತೆ ಹೋದಾಗ ಮಾವ ಹಿತ್ತಲಲ್ಲಿ ದುಂಡುಮಲ್ಲಿಗೆಯ ಎಲೆಗಳನ್ನೆಲ್ಲ ಕಿತ್ತು ರಾಶಿ ಹಾಕುತ್ತಿದ್ದರು. ಮಣ್ಣು ಒಣಗಿ ಬಿರುಕು ಬಿಟ್ಟಿತ್ತು. ಪಕ್ಕದ ಮನೆಯ ತಮಿಳಿನ ಅಜ್ಜಿ ಕಾಂಪೌಂಡಿನಾಚೆಯಿಂದ, "ಏನ್ ಸಾರ್, ಪಾಪ, ಗಿಡದ ಮೇಲೆ ಯಾಕೆ ಕೋಪ?" ಎನ್ನುತ್ತಿದ್ದರು.

ನನಗೆ ತಡೆಯಲಾಗಲಿಲ್ಲ. "ಅದು ಅಮ್ಮ ಕೊಟ್ಟ ಗಿಡ ಮಾವ. ಸಾಯಿಸ್ತಿದೀರಲ್ಲ."

"ಗೊತ್ತು ಕಣೇ. ಈಗ ಒಣಗಿಸದಿದ್ರೆ ಬೇಸಿಗೇಲಿ ಬರೀ ಎಲೆ ಬರುತ್ತೆ, ಹೂವಾಗಲ್ಲ. ನಂಗೆ ಇದನ್ನ ಹೇಳ್ಕೊಟ್ಟಿದ್ದೇ ನಿಮ್ಮಮ್ಮ. ಪ್ರತಿ ವರ್ಷ ಫೋನ್ ಮಾಡೋಳು. 'ಅಣ್ಣಾ, ಮಲ್ಲಿಗೆಗೆ ನೀರು ನಿಲ್ಸಿದ್ಯಾ?' ಅಂತ." ಕೈ ತೊಳೆಯಲು ನಲ್ಲಿಯ ಕಡೆ ಹೋದರು. ಬಹಳ ಹೊತ್ತು ತೊಳೆದರು.

ಶಿವರಾತ್ರಿ ಕಳೆದ ಮೇಲೆ ಒಂದು ಬೆಳಿಗ್ಗೆ ನನಗೆ ಹಾಸಿಗೆಯಿಂದ ಏಳಲು ಆಗಲಿಲ್ಲ. ಕೊನೆಗೂ ಯಜಮಾನರಿಗೆ ಫೋನ್ ಮಾಡಿ ರಜೆ ಕೇಳಿದೆ. ಮಧ್ಯಾಹ್ನದವರೆಗೆ ಮಲಗಿದ್ದು, ಎದ್ದು ಭದ್ರಾವತಿಯ ಬಸ್ ಹತ್ತಿದೆ. ಮಾವನಿಗೆ ಹೇಳಬೇಕಿತ್ತು: ನೋಡಿ, ನಾನೂ ನಿಂತೆ.

ಗೇಟು ತೆಗೆಯುವಾಗಲೇ ಮಿಕ್ಸಿಯ ಸದ್ದು ಕೇಳಿತು. ಅಂದು ಮಂಗಳವಾರ.

ಅತ್ತೆ ಚಟ್ನಿ ರುಬ್ಬುತ್ತಿದ್ದರು. ನನ್ನನ್ನು ಕಂಡು ಮಿಕ್ಸಿ ನಿಲ್ಲಿಸಿದರು. ಹಿತ್ತಲಿನ ಕಡೆ ಗಲ್ಲ ತಿರುಗಿಸಿ ತೋರಿಸಿದರು.

ಮಾವ ಬೋಳು ಮಲ್ಲಿಗೆ ಗಿಡದ ಪಕ್ಕ ಸಿಮೆಂಟಿನ ಕಟ್ಟೆಯ ಮೇಲೆ ಕೂತಿದ್ದರು. ಕೊರಳಲ್ಲಿ ಆ ಬೋರ್ಡಿತ್ತು. ಅವರು ಅಳುತ್ತಿದ್ದರು. ಆಷಾಢದಿಂದ ಇಲ್ಲಿಯವರೆಗೆ ನನ್ನನ್ನು ನಗಿಸುತ್ತಲೇ ಇದ್ದವರು. ಅಮ್ಮ ಅವರಿಗೆ ತಂಗಿ ಎಂಬುದು ನನ್ನ ಡೈರಿಯ ಯಾವ ತಾರೀಖಿನ ಕೆಳಗೂ ಬಂದಿರಲಿಲ್ಲ.

"ಮಿಕ್ಸಿ ಹತ್ರ ಸಾಲ ತಗೊಂಡಿದೀನಿ" ಎಂದು ಬೋರ್ಡು ಮುಟ್ಟಿಕೊಂಡರು. ನಗಲು ನೋಡಿದರು, ಆಗಲಿಲ್ಲ. "ಈ ವರ್ಷ ಫೋನ್ ಬರ್ಲಿಲ್ಲ ಕಣೇ."

ನಾನು ಪಕ್ಕದಲ್ಲಿ ಕೂತೆ. ಗಿಡದಲ್ಲಿ ಇನ್ನೂ ಏನೂ ಚಿಗುರಿರಲಿಲ್ಲ.

ಕಾಂಪೌಂಡಿನಾಚೆ ಅಜ್ಜಿಯ ತಲೆ ಕಾಣಿಸಿತು. "ಏನಮ್ಮಾ, ಸಾರ್‌ಗೆ ಏನಾಯ್ತು?"

"ಏನೂ ಆಗಿಲ್ಲ ಅಜ್ಜಿ" ಎಂದೆ. "ರಜೆ."