ಬಯೋಡಾಟಾದ ಮೂಲೆಯ ನಂಬರು

ಕೆಲವು ಸತ್ಯಗಳನ್ನು ಹೇಳದೆ ಇರುವುದನ್ನೂ ಕಲಿಯಬೇಕಾಗುತ್ತದೆ. ನನಗೆ ಆ ವಿದ್ಯೆ ಬೇಗ ಹತ್ತಲಿಲ್ಲ. ನನ್ನ ಕಂಪ್ಯೂಟರಿಗಂತೂ ಹತ್ತಲೇ ಇಲ್ಲ. ಸಿಂಧನೂರಿನಲ್ಲಿ ನಮ್ಮ ದೊಡ್ಡಪ್ಪ ವಧುವರರ ಮಾಹಿತಿ ಕೇಂದ್ರ ನಡೆಸುತ್ತಿದ್ದ. ಕೇಂದ್ರವೆಂದರೆ ಒಂದು ಕೈಚೀಲ. ಲಿಂಗಸುಗೂರಿನಿಂದ ತುರ್ವಿಹಾಳದವರೆಗೆ ಮದುವೆಯಾಗದವರೆಲ್ಲ ಅದರೊಳಗೆ ಮಡಚಿಕೊಂಡು ಕುಳಿತಿರುತ್ತಿದ್ದರು. ಯಾವುದಾದರೂ ಹುಡುಗಿಯ ಹಾಳೆ ಅಂಚು ಹರಿದು ಹಳತಾದರೆ ದೊಡ್ಡಪ್ಪ ಅದನ್ನು ಹೊಸ ಹಾಳೆಯ ಮೇಲೆ ಬರೆದು, ನಾಲ್ಕೂ ಮೂಲೆಗೆ ಅರಿಶಿನ ಹಚ್ಚಿ, "ನಿನ್ನಿ ಬಂದದ ನೋಡ್ರಿ" ಎಂದು ಕೊಡುತ್ತಿದ್ದ. ಆ ನಿನ್ನೆಗೆ ಎಷ್ಟೋ ಸಲ ಏಳು ವರ್ಷವಾಗಿರುತ್ತಿತ್ತು.

ಅವನು ಹೋದ ಮೇಲೆ ಚೀಲ ನನ್ನ ಪಾಲಿಗೆ ಬಂತು. ಕಂಪ್ಯೂಟರ್ ಕಲಿತ ಜಂಬದಲ್ಲಿ ನಾನು ಎಲ್ಲರನ್ನೂ ಕಂಪ್ಯೂಟರಿನ ಸರ್ವರ್‌ಗೆ ಏರಿಸಿದೆ; ಮದುವೆಯಾದವರ ಹೆಸರನ್ನಷ್ಟೇ ಅದರಿಂದ ತೆಗೆಯುತ್ತೇನೆ. ಸರ್ವರ್ ತನ್ನ ಗುರುತಿಗೆಂದು ಪ್ರತಿ ಹೆಸರಿಗೂ ಬಂದ ಸರದಿಯಲ್ಲಿ ಒಂದೊಂದು ನಂಬರ್ ಕೊಡುತ್ತದೆ. ಅದು ಅದರ ಅಡುಗೆಮನೆಯ ವಿಷಯ, ಪಡಸಾಲೆಗೆ ತರಬಾರದು. ನಾನೋ ಚೆಂದ ಕಾಣಲಿ ಎಂದು ಅದನ್ನೇ ಬಯೋಡಾಟಾದ ಮೂಲೆಯಲ್ಲಿ ಅಚ್ಚು ಹಾಕಿಸಿದೆ, ದೊಡ್ಡಪ್ಪ ಅರಿಶಿನ ಹಚ್ಚುತ್ತಿದ್ದ ಜಾಗದಲ್ಲೇ.

ಜವಳಗೇರಾದಲ್ಲಿ ಟೀಚರಾಗಿರುವ ಗಿರಿಜಾ ಅವರ ಹಾಳೆ ಮಸ್ಕಿಯ ಒಂದು ಮನೆಗೆ ಹೋಯಿತು. ಹುಡುಗ ಒಪ್ಪಿದ್ದ. ಆದರೆ ಅವನ ತಾಯಿ ಎರಡು ಹಾಳೆ ಹಿಡಿದುಕೊಂಡು ನೇರ ನನ್ನಲ್ಲಿಗೆ ಬಂದರು. "ಮೊನ್ನಿ ಬಂದ ಹುಡುಗಿಗಿ ಆರುನೂರಾ ಹನ್ನೆರಡು. ಈಕಿಗಿ ಮೂರು. ಅಂದ್ರ ನೀವು ಅಂಗಡಿ ತಗದಾಗಿಂದ ಕುಂತಾಳ. ಏನರ ಐಬು ಐತೇನ್ರಿ?" ಎಂದರು. "ಐಬು ನಂದರೀ ಅಮ್ಮಾರ, ಆಕೀದಲ್ಲ" ಎಂದೆ. "ವಿಚಾರ ಮಾಡಿ ಹೇಳ್ತೀವಿ" ಎಂದು ಅವರು ಬಸ್ಸು ಹತ್ತಿದರು. ನಮ್ಮ ಕಡೆ ವಿಚಾರ ಮಾಡಲು ಹೋದವರು ತಿರುಗಿ ಬಂದದ್ದಿಲ್ಲ.

ಗಿರಿಜಾ ಅವರಿಗೆ ಫೋನಿನಲ್ಲಿ ವಿಷಯ ತಿಳಿಸಿದೆ. ಮರುದಿನ ಅವರೇ ಬಂದು ಎದುರಿಗೆ ಕುಳಿತರು. "ಸಂಕಟ ಆಗೇದ್ರೀ ಸರ, ಸುಳ್ಳು ಯಾಕ ಹೇಳ್ಲಿ. ಹುಡುಗ ನನಗೂ ಮನಸ್ಸಿಗಿ ಬಂದಿದ್ದ" ಎಂದರು. ಆಮೇಲೆ ಕೇಳಿದರು: "ಎರಡನೇ ನಂಬರಿನಾಕಿ ನನ್ನ ಗೆಳತಿ, ಆಕೀ ಮದುವಿ ಆಗ್ಯದ. ಒಂದನೇದು ಯಾರದ್ರಿ? ನನಗಿಂತ ಮೊದಲಿಂದ ಕಾಯಾಕತ್ತವರು ಒಬ್ಬರರ ಅದಾರ ಅಂದ್ರ ಮನಸ್ಸಿಗಿ ಸಮಾಧಾನ."

ಪರದೆಯನ್ನು ಮೆಲ್ಲಗೆ ನನ್ನ ಕಡೆ ತಿರುಗಿಸಿಕೊಂಡು, "ಅವರದು ಆಗಿಹೋಗ್ಯದ್ರಿ" ಎಂದೆ. ಆ ಸಂಜೆಯೇ ನಂಬರ್ ಯಾರಿಗೂ ಕಾಣದಂತೆ ಮಾಡಿದೆ. ಹೆಣ್ಣುಮಕ್ಕಳ ಮರ್ಯಾದೆಗಾಗಿ ಎಂದು ಈಗ ಎಲ್ಲರಿಗೂ ಹೇಳುತ್ತೇನೆ. ಪ್ರೋಗ್ರಾಮ್ ಸರಿಯಾಗಿ ನಡೆಯುತ್ತದೆಯೇ ನೋಡೋಣವೆಂದು ಮೊಟ್ಟಮೊದಲು ಏರಿಸಿದ್ದು ನನ್ನದೇ ಹೆಸರು. ಅದನ್ನು ತೆಗೆಯುವ ಪ್ರಸಂಗ ಇನ್ನೂ ಬಂದಿಲ್ಲ.