ನಾಸ್ತಿಕರ ರಾಹುಕಾಲ

ಮುಂಬಯಿ ಮಗ್ಗುಲಿನ ಡೊಂಬಿವಲಿ ಪೂರ್ವದಲ್ಲಿ ರಾಹುವಿಗೆ ಎದೆಯೊಡ್ಡಿ ನಿಂತ ಗಂಡಸು ಒಬ್ಬನೇ ಒಬ್ಬ. ಹೆಸರು ಮುರಾರಿ, ವಯಸ್ಸು ಅರವತ್ತಮೂರು, ವಿಮಾ ಕಚೇರಿಯಿಂದ ನಿವೃತ್ತ. ಬೇರೆ ವೀರರು ಹುಲಿ ಕೊಂದರು, ಕೋಟೆ ಹತ್ತಿದರು. ಮುರಾರಿಯವರು ರಾಹುಕಾಲದಲ್ಲಿ ಫ್ರಿಜ್ ಕೊಂಡರು, ರಾಹುಕಾಲದಲ್ಲಿ ಹಲ್ಲು ಕೀಳಿಸಿಕೊಂಡರು, ಮಗಳು ಸಂಜನಾಳನ್ನು ಶಾಲೆಗೆ ಸೇರಿಸಿದ್ದೂ ರಾಹುಕಾಲದಲ್ಲೇ. ಸೋಮವಾರ ಬೆಳಿಗ್ಗೆ ಏಳೂವರೆಗೆ ಅವರು ಚೀಲ ಹಿಡಿದು ಮೆಟ್ಟಿಲಿಳಿದರೆ ಎರಡನೆಯ ಮಹಡಿಯ ಚಂದ್ರಬಾಯಿ ತೆರೆದ ಬಾಗಿಲನ್ನು ಮತ್ತೆ ಮುಚ್ಚಿಕೊಳ್ಳುತ್ತಿದ್ದರು. ಮುರಾರಿಯವರು ವಾಪಸು ಬಂದ ಮೇಲೆಯೇ ಆಕೆಯ ಮಗ ಇಂಟರ್‌ವ್ಯೂಗೆ ಹೊರಡುವುದು. ಪಂಚಾಂಗವನ್ನು ಧಿಕ್ಕರಿಸಲು ಹೊರಟವರು ಹೀಗೆ ನಾಲ್ಕು ಮಹಡಿಯ ಆಸ್ತಿಕರಿಗೆ ತಾವೇ ಪಂಚಾಂಗವಾಗಿ ಕೂತರು. ದೇವಸ್ಥಾನದ ಭಟ್ಟರು ವಾರದ ರಾಹುಕಾಲ ಹೇಳಲು ಕ್ಯಾಲೆಂಡರ್ ನೋಡಬೇಕು. ಮುರಾರಿಯವರನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ತಪ್ಪುವುದಿಲ್ಲ.

ಈ ವೀರನ ಸುತ್ತ ನಾಲ್ಕು ವರ್ಷದ ಹಿಂದೆ ಡೊಂಬಿವಲಿ ಕನ್ನಡ ನಿರೀಶ್ವರ ಬಳಗ ಹುಟ್ಟಿತು. ಹುಟ್ಟುವಾಗ ಹನ್ನೊಂದು ಮಂದಿ. ಮೂವರು, ತಮ್ಮ ಮಕ್ಕಳ ಮದುವೆ ಹತ್ತಿರ ಬಂದಾಗ ಬಿಟ್ಟರು. ಒಬ್ಬರು ರಕ್ತಪರೀಕ್ಷೆಯ ವರದಿ ಕೈಗೆ ಬಂದ ದಿನ ಬಿಟ್ಟರು. ನಾಲ್ವರು, ದೇವರು ಇಲ್ಲವೇ ಇಲ್ಲವೋ ಅಥವಾ ಸದ್ಯಕ್ಕೆ ಇಲ್ಲವೆಂದು ಕಾಣುತ್ತದೆಯೋ ಎಂಬ ವಿಷಯದಲ್ಲಿ ಜಗಳವಾಡಿ ವಾಶಿಗೆ ಹೋಗಿ ಬೇರೆ ಬಳಗ ಕಟ್ಟಿದರು. ಅಲ್ಲಿ ಇಬ್ಬಿಬ್ಬರಾಗಿ ಪುನಃ ಒಡೆದರು. ಡೊಂಬಿವಲಿಯಲ್ಲಿ ಉಳಿದದ್ದು ಮೂರು ಜನ. ಮೂರಕ್ಕಿಂತ ಕಡಿಮೆಯಾದರೆ ಬಳಗ ಬರಖಾಸ್ತು ಎಂದು ನಿಯಮವಿತ್ತು.

ಬರಖಾಸ್ತಾದರೆ ಏನಾಗುವುದೆಂದೂ ನಿಶ್ಚಯವಾಗಿತ್ತು. ಮುರಾರಿಯವರ ಹೆಂಡತಿ ಸುಗುಣಾ ನಲವತ್ತು ಹೆಂಗಸರ ಭಜನಾ ಮಂಡಳಿಯ ಕಾರ್ಯದರ್ಶಿ. ಮಂಡಳಿಗೆ ಒಂದು ಹಾರ್ಮೋನಿಯಂ ಉಂಟು, ಹದಿಮೂರು ಕಿಲೋ. ಭಾನುವಾರಕ್ಕೊಂದು ಮನೆಯಲ್ಲಿ ಭಜನೆ. ಲಿಫ್ಟ್ ಇರುವ ಮನೆಗಳು ಕಡಿಮೆ. ಬಳಗ ಮುಚ್ಚಿದ ವಾರದಿಂದ ಆ ಹಾರ್ಮೋನಿಯಂ ಹೊರುವುದು ನೀವು ಎಂದು ಸುಗುಣಾ ನಾಲ್ಕು ವರ್ಷದ ಹಿಂದೆ ಹೇಳಿದಾಗ, ಹನ್ನೊಂದು ಮಂದಿಯ ನಾಯಕ ನಕ್ಕು ಒಪ್ಪಿದ್ದರು. ಮೂರು ಮಂದಿಯ ನಾಯಕ ಈಗೀಗ ಬೆನ್ನು ನೋವೆಂದು ಹೇಳುತ್ತಿದ್ದರು.

ಜೂನ್ ತಿಂಗಳ ಆ ಭಾನುವಾರ, ನಾಲ್ಕು ಗಂಟೆ ದಾಟಿತ್ತು. ಸುಗುಣಾ ಭಜನೆಗೆ ಸೀರೆ ಉಟ್ಟು, ಬಳಗದ ಸಭೆಗೆ ಅವಲಕ್ಕಿ ಕಲಸುತ್ತಿದ್ದರು. ಕೈ ಅವಲಕ್ಕಿಯಲ್ಲಿ, ಬಾಯಿ ಗಂಡನ ಮೇಲೆ.

ಸುಗುಣಾ: ಒಂದು ಹೇಳಿ ನನಗೆ. ದೇವರಿಲ್ಲ ಅನ್ನಲಿಕ್ಕೆ ಮೂರು ಜನ ಯಾಕೆ? ಒಬ್ಬರೇ ಕೂತರೂ ಇಲ್ಲದ್ದು ಇಲ್ಲವೇ ಅಲ್ವಾ?

ಮುರಾರಿ: ಇದ್ದಾನೆ ಅನ್ನಲಿಕ್ಕೆ ನಿಮಗೆ ನಲವತ್ತು ಜನ, ಎರಡು ಮೈಕು ಯಾಕೆ? ಇರುವವನಿಗೆ ಕಿವಿ ಇಲ್ಲವಾ?

ಸುಗುಣಾ: ನಮ್ಮಲ್ಲಿ ಒಬ್ಬರು ಆಸ್ಪತ್ರೆಗೆ ಬಿದ್ದರೆ ಎಂಟು ಮನೆಯಿಂದ ಡಬ್ಬಿ ಹೋಗ್ತದೆ. ನಿಮ್ಮ ಹರ್ನಿಯಾ ಆಪರೇಷನ್ನಿಗೆ ಬಳಗದಿಂದ ಎಂತ ಬಂತು?

ಮುರಾರಿ: ಯಂಕಪ್ಪನವರು ಬಂದು ಎರಡು ಗಂಟೆ ಕೂತು ಧೈರ್ಯ ಹೇಳಿದ್ದಾರೆ.

ಸುಗುಣಾ: ಗೊತ್ತುಂಟು, ನಾನೂ ಅಲ್ಲೇ ಇದ್ದೆ. ಸತ್ತ ಮ್ಯಾಲೆ ಏನೂ ಇರಂಗಿಲ್ಲ, ಹೆದರಬ್ಯಾಡ್ರಿ ಅಂದರು. ಪಕ್ಕದ ಹಾಸಿಗೆಯವರು ಅಳಲಿಕ್ಕೆ ಶುರು ಮಾಡಿದರು.

ಅಷ್ಟರಲ್ಲಿ ಯಂಕಪ್ಪನವರೇ ಬಂದರು. ಬಾಗಲಕೋಟೆ ಕಡೆಯವರು, ಕಲ್ಯಾಣದಲ್ಲಿ ಮನೆ, ರೈಲ್ವೆಯಲ್ಲಿ ಮೂವತ್ತು ವರ್ಷ ಟಿಕೆಟ್ ತಪಾಸಣೆ. ಅವರ ನಾಸ್ತಿಕತೆ ಪುಸ್ತಕದಿಂದ ಬಂದದ್ದಲ್ಲ. ಟಿಕೆಟ್ ಇಲ್ಲದವರೆಲ್ಲ ಒಂದೊಂದು ದೇವರ ಮೇಲೆ ಆಣೆ ಹಾಕಿದ್ದರು. ಒಬ್ಬ ದೇವರೂ ಬಂದು ಟಿಕೆಟ್ ತೋರಿಸಿರಲಿಲ್ಲ. ಅವರ ಹಿಂದೆಯೇ ಯೋಗೀಶ್ ಬಂದ. ನಲವತ್ತರವ, ಇಲ್ಲೇ ಹುಟ್ಟಿದವ, ಥಾಣೆಯ ಘೋಡಬಂದರ್ ರಸ್ತೆಯ ಇಪ್ಪತ್ತೆರಡನೆಯ ಮಹಡಿಯಲ್ಲಿ ಫ್ಲ್ಯಾಟು, ತುರ್ಭೆಯ ಔಷಧಿ ಕಾರ್ಖಾನೆಯಲ್ಲಿ ಮಾತ್ರೆಗಳ ತೂಕ ನೋಡುವ ಕೆಲಸ. ದಶಾಂಶ ಬಿಂದುವಿನ ನಂತರದ ಅಂಕಿಯನ್ನು ಬಿಟ್ಟರೆ ಬೇರೆ ಯಾವುದನ್ನೂ ನಂಬದವ.

ಗೋಡೆ ಗಡಿಯಾರದಲ್ಲಿ ಸರಿಯಾಗಿ ನಾಲ್ಕೂವರೆ. ಭಾನುವಾರದ ರಾಹುಕಾಲ. ನಿಯಮದಂತೆ ಮೂವರೂ ಎದ್ದು ನಿಂತು, ಯಾರನ್ನೂ ಸ್ಮರಿಸದೆ ಒಂದು ನಿಮಿಷ ಮೌನ ಆಚರಿಸಿದರು. ಕೂರುವ ಹೊತ್ತಿಗೆ ಯೋಗೀಶ್ ಕೂರಲಿಲ್ಲ.

ಯೋಗೀಶ್: ಮುರಾರಿಯಣ್ಣ, ಒಂದು ಪ್ರಾಬ್ಲೆಮ್ ಉಂಟು. ಇದು ರಾಹುಕಾಲ ಅಲ್ಲ.

ಮೂವತ್ತು ವರ್ಷದಿಂದ ರಾಹುವಿನ ಜೊತೆ ನೇರ ವ್ಯವಹಾರ ಇಟ್ಟುಕೊಂಡವರಿಗೆ ಈ ಮಾತು ಹೇಗೆ ನಾಟಬೇಕು? ಮುರಾರಿಯವರು ಗಡಿಯಾರ ತೋರಿಸಿದರು. ಯೋಗೀಶ್ ಮೊಬೈಲ್ ತೋರಿಸಿದ. ಸೂರ್ಯ ಹುಟ್ಟಿ ಮುಳುಗುವ ತನಕದ ಹಗಲನ್ನು ಎಂಟು ಪಾಲು ಮಾಡಬೇಕು, ಭಾನುವಾರ ಎಂಟನೆಯ ಪಾಲು ರಾಹುವಿನದು, ಇವತ್ತು ಡೊಂಬಿವಲಿಯಲ್ಲಿ ಸೂರ್ಯ ಮುಳುಗುವುದು ಏಳು ಹದಿನೇಳಕ್ಕೆ, ಹಾಗಾಗಿ ರಾಹುಕಾಲ ಶುರುವಾಗುವುದು ಐದು ಮೂವತ್ತೆಂಟಕ್ಕೆ. ಚಳಿಗಾಲದಲ್ಲಿ ನಾಲ್ಕೂವರೆ ಸುಮಾರಿಗೆ ಸರಿ. ಬೇಸಿಗೆ, ಮಳೆಗಾಲದಲ್ಲಿ ಪೂರ್ತಿ ತಪ್ಪು. ನಾಲ್ಕೂವರೆಗೆ ಕೂತು ಐದೂವರೆಗೆ ಏಳುವ ಬಳಗ, ಅರ್ಧ ವರ್ಷವೆಲ್ಲ ರಾಹುವಿನ ಮುಖವನ್ನೇ ನೋಡಿರಲಿಲ್ಲ.

ಅಡುಗೆಮನೆಯ ಬಾಗಿಲಲ್ಲಿ ಸುಗುಣಾ ಕಾಣಿಸಿಕೊಂಡರು. ಭಜನೆಗೆ ಹೊರಟಿದ್ದ ಕಾಲು ಅಲ್ಲೇ ನಿಂತಿತು.

ಸುಗುಣಾ: ಎಂಟನೇ ಪಾಲು ಅವನದ್ದಾದರೆ ಏಳನೇದು ಗುಳಿಕಕಾಲ ಅಲ್ವಾ ಯೋಗೀಶ?

ಯೋಗೀಶ್: ಹೌದು ಸುಗುಣಕ್ಕ. ಈಗ ನಡೀತಾ ಇರೋದು ಅದೇ.

ಸುಗುಣಾ: ಗುಳಿಕಕಾಲದಲ್ಲಿ ಮಾಡಿದ್ದು ಮತ್ತೆ ಮತ್ತೆ ನಡೆಯುತ್ತದೆ ಅಂತ ಶಾಸ್ತ್ರ. ಅದಕ್ಕೇ ನಿಮ್ಮ ಸಭೆ ಒಂದು ವಾರವೂ ತಪ್ಪಲಿಲ್ಲ ನೋಡಿ. ನಮ್ಮ ಮಂಡಳಿಗೂ ಇಷ್ಟು ಒಳ್ಳೆಯ ಮುಹೂರ್ತ ಯಾರೂ ಇಟ್ಟುಕೊಟ್ಟಿಲ್ಲ.

ಮುರಾರಿಯವರ ಮುಖ ತಣ್ಣಗಾಯಿತು. ಯಂಕಪ್ಪನವರ ಮುಖ ಬಿಸಿಯಾಯಿತು.

ಯಂಕಪ್ಪ: ಏ ತಮ್ಮಾ, ರಾಹುಕಾಲ ನಾಕೂವರೀಗೇ. ನಮ್ಮಜ್ಜನ ಕಾಲದಿಂದ ನಾಕೂವರೀಗೇ ಐತಿ.

ಯೋಗೀಶ್: ಅಜ್ಜನ ಕಾಲದಿಂದ ಬಂದದ್ದು ಸರಿ ಅಂತ ನೀವು ಹೇಳೋದಾ ಯಂಕಪ್ಪಣ್ಣ?

ಯಂಕಪ್ಪ: ನಾವು ತುಳಿಯೋದು ಮಂದಿ ನಂಬಿಕೀನ. ಮಂದಿ ನಾಕೂವರಿ ಅಂತ ನಂಬ್ಯಾರ. ಐದು ಮೂವತ್ತೆಂಟಕ್ಕ ಕುಂತರ ಯಾರಿಗೆ ಸಿಟ್ಟು ಬರತೈತಿ?

ಯೋಗೀಶ್: ತಪ್ಪು ಹೊತ್ತಿನಲ್ಲಿ ಧಿಕ್ಕರಿಸಿದರೆ ಅದು ಧಿಕ್ಕಾರವೇ ಅಲ್ಲ. ಅವಲಕ್ಕಿ ತಿಂದದ್ದು ಅಷ್ಟೇ.

ಯಂಕಪ್ಪ: ರಾಹುನ ಇಲ್ಲ ಅಂದಮ್ಯಾಲೆ ಅಂವ ಎಷ್ಟಕ್ಕ ಬರತಾನ ಅನ್ನೋದು ಯಾಕ ಬೇಕ ನಿನಗ?

ಯೋಗೀಶ್: ಇಲ್ಲದವನು ಎಷ್ಟಕ್ಕೆ ಬರುವುದಿಲ್ಲ ಅಂತ ಕರೆಕ್ಟಾಗಿ ಗೊತ್ತಿರಬೇಕಲ್ಲ?

ಜಗತ್ತಿನ ಎಲ್ಲ ಧರ್ಮಗಳೂ ಒಡೆಯಲು ಇನ್ನೂರು ಮುನ್ನೂರು ವರ್ಷ ತೆಗೆದುಕೊಂಡವು. ಬಳಗ ಹನ್ನೆರಡು ನಿಮಿಷದಲ್ಲಿ ಆ ಮಟ್ಟ ಮುಟ್ಟಿತು. ಒಂದು ಕಡೆ ಸನಾತನ ನಾಲ್ಕೂವರೆ, ಇನ್ನೊಂದು ಕಡೆ ಸುಧಾರಿತ ಐದು ಮೂವತ್ತೆಂಟು. ನಡುವೆ ಅಧ್ಯಕ್ಷ ಮುರಾರಿ, ಅಧ್ಯಕ್ಷರ ಕಣ್ಣ ಮುಂದೆ ಹದಿಮೂರು ಕಿಲೋ.

ಅವರು ಸಂಧಾನಕ್ಕೆ ಇಳಿದರು. ಯಂಕಪ್ಪನವರ ರಾಹುಕಾಲ ಮುಗಿಯುವುದು ಆರಕ್ಕೆ, ಯೋಗೀಶನದು ಶುರುವಾಗುವುದು ಐದು ಮೂವತ್ತೆಂಟಕ್ಕೆ. ಇಬ್ಬರ ರಾಹುವೂ ಒಟ್ಟಿಗೆ ಇರುವ ಇಪ್ಪತ್ತೆರಡು ನಿಮಿಷ ಸಭೆ ನಡೆಸಬಹುದಲ್ಲ ಎಂದರು. ಕಳೆದ ಸಭೆಯ ವರದಿ ಓದಲಿಕ್ಕೇ ಇಪ್ಪತ್ತೈದು ನಿಮಿಷ ಬೇಕೆಂದು ಯೋಗೀಶ್ ತಳ್ಳಿಹಾಕಿದ. ಯಂಕಪ್ಪನವರ ಅಡಚಣೆ ಬೇರೆ: ಐದೂವರೆಗೆ ಎದ್ದು ಲೋಕಲ್ ರೈಲು ಹಿಡಿಯದಿದ್ದರೆ ಅವರಿಗೆ ನಡೆಯದು. ಯಾಕೆಂದು ಸುಗುಣಾ ಕೆದಕಿದ ಮೇಲೆ ಹೊರಬಂತು. ಭಾನುವಾರ ಸಂಜೆ ಹೆಂಡತಿಯನ್ನು ವಿಠ್ಠಲನ ಗುಡಿಗೆ ಕರೆದೊಯ್ಯಬೇಕು.

ಸುಗುಣಾ: ಗುಡಿಗೆ?

ಯಂಕಪ್ಪ: ಒಳಗ ಹೋಗಂಗಿಲ್ರಿ ವೈನಿ. ತತ್ವದ ಪ್ರಶ್ನೆ ಅದು. ಹೊರಗ ನಿಂತು ಚಪ್ಪಲ್ ಕಾಯ್ತೀನಿ.

ಸುಗುಣಾ: ಒಂದು ಜೊತೆಯಾ?

ಯಂಕಪ್ಪ: ಈಗೀಗ ಓಣಿಯವರೆಲ್ಲಾ ನನ್ನ ಹತ್ರನ ಬಿಡತಾರ್ರಿ. ನಂಬಿಗಸ್ತ ಅಂತ.

ಯೋಗೀಶ್ ಜೋರಾಗಿ ನಕ್ಕ. ನಗಬಾರದಿತ್ತು. ಸುಗುಣಾ ಅವನ ಕಡೆ ತಿರುಗಿ, ಭಾನುವಾರ ನೌಪಾಡಾದ ಮಾವನ ಮನೆಯಲ್ಲಿ ಊಟ, ಊಟದ ಮೇಲೆ ನಿದ್ದೆ, ನಾಲ್ಕೂವರೆಗೆ ಇಲ್ಲಿ ಕೂರಬೇಕಾದರೆ ನಿದ್ದೆ ಬಿಡಬೇಕು ಎಂದು ನಿನ್ನ ಹೆಂಡತಿ ಶ್ರೀಪ್ರಿಯಾ ಹೋದ ವಾರವೇ ಫೋನಿನಲ್ಲಿ ಹೇಳಿದ್ದಾಳೆ ಎಂದರು. ಖಗೋಳಶಾಸ್ತ್ರ ಕ್ಷಣಕಾಲ ತಲೆ ತಗ್ಗಿಸಿತು.

ಆದರೆ ಒಮ್ಮೆ ತತ್ವದ ಹೆಸರು ಎತ್ತಿದವರಿಗೆ ಮಾನ ಹೋದರೂ ಹಟ ಹೋಗುವುದಿಲ್ಲ. ಯಂಕಪ್ಪ ಎದ್ದು ಚಪ್ಪಲಿ ಮೆಟ್ಟಿದರು. ಯೋಗೀಶನೂ ಶೂ ಹಾಕಿಕೊಂಡ. ತನ್ನ ರಾಹುಕಾಲವನ್ನು ಒಪ್ಪದಿದ್ದರೆ ಬಳಗಕ್ಕೆ ಕೊನೆಯ ನಮಸ್ಕಾರ ಎಂದು ಇಬ್ಬರೂ ಬಾಗಿಲ ಎರಡು ಪಕ್ಕದಲ್ಲಿ ದ್ವಾರಪಾಲಕರಂತೆ ನಿಂತರು. ಸುಗುಣಾ ಪಕ್ಕದ ಕೋಣೆಯಿಂದ ಹಾರ್ಮೋನಿಯಂ ತಂದು ಗಂಡನ ಕುರ್ಚಿಯ ಪಕ್ಕ ಇಟ್ಟರು.

ಆಗ ಯಂಕಪ್ಪನವರು ಚೀಲದಿಂದ ಬಳಗದ ನಿಯಮಾವಳಿ ತೆಗೆದರು. ಹಾಳೆ ತಿರುವಿ ಮೊದಲನೆಯ ನಿಯಮ ಓದಿದರು: ಸಂಸ್ಥಾಪಕರು ಸ್ವಂತ ಮನೆಗೆ ಯಾವ ರಾಹುಕಾಲದಲ್ಲಿ ಕಾಲಿಟ್ಟರೋ ಅದನ್ನೇ ಆದರ್ಶವಾಗಿಟ್ಟುಕೊಂಡು ಬಳಗವು ರಾಹುಕಾಲದಲ್ಲಿಯೇ ಸೇರತಕ್ಕದ್ದು. ದೇವರನ್ನು ಕಳೆದುಕೊಂಡ ಮೇಲೆ ಇಬ್ಬರಿಗೂ ಉಳಿದಿದ್ದ ಪ್ರಮಾಣಗ್ರಂಥ ಇದೊಂದೇ. ಯೋಗೀಶ್ ಕೂಡ ತಲೆಬಾಗಿದ.

ಯಂಕಪ್ಪ: ಅಧ್ಯಕ್ಷರ, ನಿಮ್ಮ ನಡತೀನ ನಮಗ ಕಾಯ್ದೆ. ಈ ಮನಿಗೆ ನೀವು ಬಂದದ್ದು ಯಾವಾಗ?

ಉತ್ತರ ಸುಗುಣಾ ಅವರಿಂದ ಬಂತು. ಆ ದಿನವನ್ನು ಅವರಷ್ಟು ಚೆನ್ನಾಗಿ ನೆನಪಿಟ್ಟುಕೊಂಡವರು ಬೇರೆ ಇಲ್ಲ. ಮೂವತ್ತೊಂದು ವರ್ಷದ ಹಿಂದೆ, ಮೇ ತಿಂಗಳು, ಬುಧವಾರ. ತಾನು ಉಡುಪಿಯ ತವರಿನಲ್ಲಿ, ಮಗ ಸಾತ್ವಿಕನ ಬಾಣಂತನದಲ್ಲಿ. ತನ್ನಪ್ಪ ಜೋಯಿಸರಲ್ಲಿ ಕೇಳಿ, ಬೆಳಿಗ್ಗೆ ಎಂಟು ನಲವತ್ತಕ್ಕೆ ಹೊಸ ಮನೆಗೆ ಕಾಲಿಡಿ ಎಂದು ಅಳಿಯನಿಗೆ ಕಾಗದ ಬರೆದಿದ್ದರು. ಈ ಮಹಾನುಭಾವರು ಬೇಕೆಂದೇ ಆ ಹೊತ್ತನ್ನು ಬಿಟ್ಟು, ಮಧ್ಯಾಹ್ನ ರಾಹುಕಾಲ ಬರುವ ತನಕ ಕಾದು ಒಳಗೆ ನುಗ್ಗಿದರು. ಬಚ್ಚಲಿನ ನಲ್ಲಿ ಇಂದಿಗೂ ಸೋರುವುದು ಅದರಿಂದ. ಸಾತ್ವಿಕ ಗಣಿತದಲ್ಲಿ ಎರಡು ಸಲ ಬಿದ್ದದ್ದು ಅದರಿಂದ. ಹರ್ನಿಯಾ ಅದರಿಂದಲೇ.

ಯೋಗೀಶ್ ಆಗಲೇ ಲೆಕ್ಕ ಹಾಕಿದ್ದ. ಬುಧವಾರ ಎಲ್ಲರೂ ಹೇಳುವ ರಾಹುಕಾಲ ಹನ್ನೆರಡರಿಂದ ಒಂದೂವರೆ. ಆದರೆ ಮೇ ತಿಂಗಳಲ್ಲಿ ಡೊಂಬಿವಲಿಯ ಸೂರ್ಯನ ಪ್ರಕಾರ ಹನ್ನೆರಡು ಮೂವತ್ತೇಳರಿಂದ ಎರಡೂಕಾಲು.

ಯೋಗೀಶ್: ಹನ್ನೆರಡೂಕಾಲಿಗೆ ಬಂದಿದ್ದರೆ ಯಂಕಪ್ಪಣ್ಣ ಹೇಳಿದ್ದು ಸರಿ. ಎರಡು ಗಂಟೆಗೆ ಬಂದಿದ್ದರೆ ನಾನು ಹೇಳಿದ್ದು. ಎಷ್ಟಕ್ಕೆ ಬಂದಿರಿ ಮುರಾರಿಯಣ್ಣ?

ಹನ್ನೆರಡೂಕಾಲು ಎಂದರೆ ಯೋಗೀಶ್ ಮೆಟ್ಟಿಲಿಳಿಯುತ್ತಾನೆ. ಎರಡು ಎಂದರೆ ಯಂಕಪ್ಪ. ನಡುವಿನ ಹೊತ್ತೆಂದರೆ ಏನೂ ತೀರ್ಮಾನವಾಗದೆ ಇಬ್ಬರೂ. ಯಾವುದಂದರೂ ಮೂವರು ಉಳಿಯುವುದಿಲ್ಲ, ಬಳಗ ಮುಗಿಯುತ್ತದೆ, ಹಾರ್ಮೋನಿಯಂ ಎದ್ದು ಹೆಗಲೇರುತ್ತದೆ. ಯಂಕಪ್ಪ ನಿಯಮಾವಳಿ ಬಿಡಿಸಿ ಹಿಡಿದಿದ್ದರು. ಯೋಗೀಶ್ ಮೊಬೈಲ್ ಹಿಡಿದಿದ್ದ. ಗಂಡನ ಬಾಯಿಯಿಂದಲೇ ಅಪರಾಧ ಒಪ್ಪಿಗೆಯಾಗುವ ಈ ಗಳಿಗೆಗೆ ಮೂವತ್ತೊಂದು ವರ್ಷ ಕಾದ ಸುಗುಣಾ, ಭಜನೆಗೆ ತಡವಾದರೂ ಅಲ್ಲಾಡದೆ ನಿಂತಿದ್ದರು. ಥಾಣೆ ಜಿಲ್ಲೆಯ ಸಮಸ್ತ ನಿರೀಶ್ವರವಾದ ಒಬ್ಬ ಮನುಷ್ಯನ ನಾಲಗೆಯ ತುದಿಯಲ್ಲಿ ತೂಗಾಡುತ್ತಿತ್ತು.

ಮುರಾರಿಯವರು ಹಾರ್ಮೋನಿಯಂ ನೋಡಿದರು, ಬಾಗಿಲು ನೋಡಿದರು, ಹೆಂಡತಿಯ ಮುಖ ನೋಡಿದರು.

ಮುರಾರಿ: ಎಂಟು ನಲವತ್ತು ತಪ್ಪಬಾರದು ಅಂತ ಸಾಮಾನಿನ ಟೆಂಪೋದವನಿಗೆ ಬೆಳಿಗ್ಗೆ ಎಂಟಕ್ಕೇ ಬರಲಿಕ್ಕೆ ಹೇಳಿದ್ದೆ. ಅವನು ಬಂದದ್ದು ಮಧ್ಯಾಹ್ನ.